ಹೇಸಿಗೆಯ ನಗೆ ಮತ್ತು ಪಾತ್ರದ ಆಳ: ಕುಟುಂಬ ಚಿತ್ರಪಟ್ಟಿಗಳಲ್ಲಿ ಜುಗುಪ್ಸೆಯ ನೆಲೆಗಳು

ಪೀಠಿಕೆ

ದಿನಪತ್ರಿಕೆಗಳಲ್ಲಿ ಮೂರು ಅಥವಾ ನಾಲ್ಕು ಚೌಕಟ್ಟುಗಳಾಗಿ ಪ್ರಕಟವಾಗುವ ಕಾಮಿಕ್ ಸ್ಟ್ರಿಪ್, ಅಂದರೆ ಚಿತ್ರಪಟ್ಟಿ, ಇಪ್ಪತ್ತನೆಯ ಶತಮಾನದ ಅತ್ಯಂತ ವ್ಯಾಪಕವಾದ ಓದಿನ ಪ್ರಕಾರಗಳಲ್ಲಿ ಒಂದು. ಅದರಲ್ಲಿಯೂ ತಂದೆ, ತಾಯಿ, ಮಕ್ಕಳು ಹಾಗೂ ಸಾಕುಪ್ರಾಣಿಗಳನ್ನು ಒಳಗೊಂಡ ಕುಟುಂಬ ಚಿತ್ರಪಟ್ಟಿಗೆ ಅಮೆರಿಕ ಮತ್ತು ಕೆನಡಾದ ಪತ್ರಿಕೋದ್ಯಮದಲ್ಲಿ ದೀರ್ಘವಾದ ಪರಂಪರೆಯಿದೆ. ಇಂಗ್ಲಿಷ್ ದೈನಿಕಗಳ ಮೂಲಕ ಇವುಗಳಲ್ಲಿ ಕೆಲವು ಕರ್ನಾಟಕದ ನಗರಗಳ ಓದುಗರಿಗೂ ಪರಿಚಿತವಾಗಿವೆ. ಹೀಗಿದ್ದರೂ ಇವುಗಳನ್ನು ಗಂಭೀರ ಅಧ್ಯಯನದ ವಸ್ತುವಾಗಿ ಪರಿಗಣಿಸುವಲ್ಲಿ ಒಂದು ಹಿಂಜರಿಕೆ ಉಳಿದುಬಂದಿದೆ. ಈ ಹಿಂಜರಿಕೆಗೆ ಇರುವ ಕಾರಣಗಳಲ್ಲಿ ಒಂದು, ಈ ಪ್ರಕಾರವು ಹೇಸಿಗೆಯನ್ನು ನಗೆಯ ಸಾಮಗ್ರಿಯಾಗಿ ಧಾರಾಳವಾಗಿ ಬಳಸಿಕೊಳ್ಳುತ್ತದೆ ಎಂಬುದು.

ಸಿಂಬಳ, ವಾಂತಿ, ತೊಯ್ದ ಬಟ್ಟೆ, ನಾರುವ ಕಾಲುಚೀಲ, ತಟ್ಟೆಯಲ್ಲಿ ಅಲುಗಾಡುವ ಹಸಿರು ಮುದ್ದೆ, ಜೇಬಿನಲ್ಲಿ ಬಂದ ಹುಳು — ಇವುಗಳಿಂದ ನಗೆ ಹುಟ್ಟಿಸುವುದು ಸುಲಭವೆಂದೂ, ಸುಲಭವಾದುದರಿಂದಲೇ ಅದು ಕೀಳೆಂದೂ, ಅಂಥ ನಗೆಗೆ ಒಲಿದ ಕೃತಿಯಲ್ಲಿ ಪಾತ್ರಗಳು ಆಳವನ್ನು ಪಡೆಯಲಾರವೆಂದೂ ಒಂದು ಅಭಿಪ್ರಾಯವಿದೆ. ಈ ಅಭಿಪ್ರಾಯವನ್ನು ಪರಿಶೀಲನೆಗೆ ಒಳಪಡಿಸುವುದು ಪ್ರಸ್ತುತ ಲೇಖನದ ಉದ್ದೇಶ. ಹೇಸಿಗೆಯ ನಗೆ ಮತ್ತು ಪಾತ್ರದ ಆಳ ಒಂದಕ್ಕೊಂದು ವಿರೋಧಿಗಳಲ್ಲ. ಉತ್ತಮ ಚಿತ್ರಪಟ್ಟಿಗಳಲ್ಲಿ ಮೊದಲನೆಯದು ಎರಡನೆಯದಕ್ಕೆ ದಾರಿಯಾಗಿದೆ ಎಂಬುದು ಇಲ್ಲಿನ ಪ್ರತಿಪಾದನೆ. ಹೇಸಿಗೆಯ ವಸ್ತುವಿನಲ್ಲಿ ಆಳವಿರುವುದಿಲ್ಲ. ಅದರ ಎದುರಿಗೆ ನಿಂತವರು ಯಾರು, ಮುಖ ತಿರುಗಿಸಿದವರು ಯಾರು, ಮುಖ ತಿರುಗಿಸಿಯೂ ಅಲ್ಲಿಯೇ ಉಳಿದವರು ಯಾರು ಎಂಬ ಪ್ರಶ್ನೆಗಳಲ್ಲಿ ಅದು ಕಾಣಿಸಿಕೊಳ್ಳುತ್ತದೆ.

ಜುಗುಪ್ಸೆ, ಹಾಸ್ಯ, ವಾತ್ಸಲ್ಯ

ಈ ವಿಷಯದ ವಿವೇಚನೆಗೆ ಭಾರತೀಯ ಕಾವ್ಯಮೀಮಾಂಸೆಯ ಪರಿಭಾಷೆ ಸಾಕಷ್ಟು ನೆರವಾಗುತ್ತದೆ. ಭರತನ ನಾಟ್ಯಶಾಸ್ತ್ರದಲ್ಲಿ ಬೀಭತ್ಸ ರಸದ ಸ್ಥಾಯಿಭಾವ ಜುಗುಪ್ಸೆ. ಬೀಭತ್ಸವನ್ನು ವಿಭಾಗಿಸುವಾಗ ಭರತನು ರಕ್ತ ಮೊದಲಾದವುಗಳಿಂದ ಹುಟ್ಟುವುದನ್ನು ಕ್ಷೋಭಜವೆಂದೂ, ಮಲ ಮತ್ತು ಕ್ರಿಮಿಗಳಿಂದ ಹುಟ್ಟುವುದನ್ನು ಉದ್ವೇಗಿಯೆಂದೂ ಹೆಸರಿಸುತ್ತಾನೆ. ಮೈಯನ್ನು ಸಂಕೋಚಿಸುವುದು, ಮುಖವನ್ನು ಕುಗ್ಗಿಸುವುದು, ಉಗುಳುವುದು ಇದರ ಅನುಭಾವಗಳು. ರಸಗಳ ಉತ್ಪತ್ತಿಯನ್ನು ಹೇಳುವಲ್ಲಿ ಹಾಸ್ಯವು ಶೃಂಗಾರದಿಂದಲೂ ಭಯಾನಕವು ಬೀಭತ್ಸದಿಂದಲೂ ಹುಟ್ಟುತ್ತವೆ ಎನ್ನಲಾಗಿದೆ. ಅಂದರೆ ಆ ವ್ಯವಸ್ಥೆಯಲ್ಲಿ ಬೀಭತ್ಸದ ಸಹಜ ಮುಂದುವರಿಕೆ ಭಯವೇ ಹೊರತು ನಗೆಯಲ್ಲ. ಆದರೆ ಹಾಸ್ಯದ ವಿಭಾವಗಳನ್ನು ಹೇಳುವಾಗ ವಿಕೃತವಾದ ವೇಷ, ಮಾತು, ಅಂಗಚೇಷ್ಟೆಗಳನ್ನು ಭರತನು ಪರಿಗಣಿಸಿರುವುದರಿಂದ, ವಿಕಾರವೆಂಬ ನೆಲೆಯಲ್ಲಿ ಹಾಸ್ಯ ಮತ್ತು ಬೀಭತ್ಸಗಳ ಗಡಿಗಳು ಪರಸ್ಪರ ತಾಗುತ್ತವೆ.

ಕುಟುಂಬ ಚಿತ್ರಪಟ್ಟಿ ಈ ಗಡಿಯ ಮೇಲೆ ನೆಲೆನಿಂತ ಪ್ರಕಾರ. 'ಮನೆಮಂದಿಯೆಲ್ಲ ಓದುವ ಪತ್ರಿಕೆ' ಎಂಬ ನಿರೀಕ್ಷೆ ಅದಕ್ಕೆ ಕೆಲವು ಮಿತಿಗಳನ್ನು ಹೇರಿದೆ. ಕ್ಷೋಭಜ ಬೀಭತ್ಸ, ಅಂದರೆ ರಕ್ತ ಮತ್ತು ಗಾಯ, ಅದರಲ್ಲಿ ಬಹುಮಟ್ಟಿಗೆ ನಿಷಿದ್ಧ. ಉದ್ವೇಗಿಗೆ ಮಾತ್ರ ಪ್ರವೇಶವಿದೆ. ಅದೂ ನೇರವಾಗಿ ಅಲ್ಲ. ಹೊಲಸು ವಸ್ತುವನ್ನು ಚೌಕಟ್ಟಿನ ಹೊರಗಿರಿಸಿ ಅದನ್ನು ಕಂಡವರ ಮುಖವನ್ನಷ್ಟೇ ಚಿತ್ರಿಸುವುದು ಈ ಪ್ರಕಾರದ ಸಾಮಾನ್ಯ ತಂತ್ರ. ವಿಭಾವ ಮರೆಯಾಗಿ ಅನುಭಾವ ಮಾತ್ರ ಉಳಿಯುತ್ತದೆ. ಈ ಮಿತಿಯಿಂದ ಆದ ಪರಿಣಾಮ ಗಮನಾರ್ಹವಾದುದು. ವಸ್ತುವನ್ನು ತೋರಿಸುವಂತಿಲ್ಲವಾದ್ದರಿಂದ ಚಿತ್ರಕಾರನ ಶ್ರಮವೆಲ್ಲ ವ್ಯಕ್ತಿಯ ಮೇಲೆ ಬೀಳುತ್ತದೆ. ಒಂದೇ ಹೊಲಸಿಗೆ ತಾಯಿ, ತಂದೆ, ಅಕ್ಕ, ತಮ್ಮ ಬೇರೆ ಬೇರೆಯಾಗಿ ಪ್ರತಿಕ್ರಿಯಿಸುತ್ತಾರೆ. ಆ ವ್ಯತ್ಯಾಸವೇ ಪಾತ್ರಚಿತ್ರಣದ ಆರಂಭ.

ಇನ್ನೊಂದು ಅಂಶವನ್ನೂ ಇಲ್ಲಿ ಗಮನಿಸಬೇಕು. ಶೃಂಗಾರದ ವ್ಯಭಿಚಾರಿಭಾವಗಳನ್ನು ಹೇಳುವಾಗ ಭರತನು ಆಲಸ್ಯ, ಉಗ್ರತೆ ಮತ್ತು ಜುಗುಪ್ಸೆ ಈ ಮೂರನ್ನು ಹೊರಗಿಡುತ್ತಾನೆ. ಪ್ರಣಯದ ಮಧ್ಯೆ ಹೇಸಿಗೆ ಸಲ್ಲದು ಎಂಬುದು ಇದರ ಇಂಗಿತ. ಆದರೆ ಹದಿನಾಲ್ಕನೆಯ ಶತಮಾನದ ವಿಶ್ವನಾಥನು ಸಾಹಿತ್ಯದರ್ಪಣದಲ್ಲಿ ರಸವೆಂದು ಎಣಿಸಿದ ವತ್ಸಲದ ವಿಷಯದಲ್ಲಿ ಹೀಗೆ ಹೇಳಲು ಬರುವುದಿಲ್ಲ. ಎಳೆಯ ಮಗುವಿನ ಆರೈಕೆಯೆಂದರೆ ಅದರ ಮಲಮೂತ್ರಗಳ ಆರೈಕೆಯೂ ಹೌದು. ಪ್ರೇಮಿಗಳ ಪ್ರೀತಿ ಜುಗುಪ್ಸೆಯನ್ನು ದೂರವಿಟ್ಟು ಬಾಳಬಹುದು. ಹೆತ್ತವರ ಪ್ರೀತಿಗೆ ಆ ಸೌಲಭ್ಯವಿಲ್ಲ. ವಾತ್ಸಲ್ಯದಲ್ಲಿ ಜುಗುಪ್ಸೆಯು ಸಂಚಾರಿಯಾಗಿ ದಿನಕ್ಕೆ ಹತ್ತು ಬಾರಿ ಬಂದುಹೋಗುತ್ತದೆ, ಸ್ಥಾಯಿಯನ್ನು ಕೆಡಿಸದೆ ಹೋಗುತ್ತದೆ. ಕುಟುಂಬ ಚಿತ್ರಪಟ್ಟಿಯ ಹೇಸಿಗೆಯ ನಗೆಗೆ ಅರ್ಥ ಬರುವುದು ಈ ಹಿನ್ನೆಲೆಯಲ್ಲಿ.

ಬೀದಿಯಿಂದ ಮನೆಗೆ

ಚಿತ್ರಪಟ್ಟಿಯ ಆರಂಭಘಟ್ಟದಲ್ಲಿ ಹೇಸಿಗೆಯು ತುಂಟತನದ ಆಯುಧವಾಗಿಯೂ ವರ್ಗದ ಗುರುತಾಗಿಯೂ ಕಾಣಿಸಿಕೊಂಡಿತು. ಜರ್ಮನಿಯ ವಿಲ್ಹೆಲ್ಮ್ ಬುಷ್ 1865ರಲ್ಲಿ ಪ್ರಕಟಿಸಿದ 'ಮಾಕ್ಸ್ ಉಂಡ್ ಮೋರಿಟ್ಸ್' ಎಂಬ ಸಚಿತ್ರ ಪದ್ಯಕಥೆಯಲ್ಲಿ ಇಬ್ಬರು ಹುಡುಗರು ಚಿಕ್ಕಪ್ಪನ ಹಾಸಿಗೆಯೊಳಗೆ ಜೀರುಂಡೆಗಳನ್ನು ತುಂಬಿಡುತ್ತಾರೆ. ಕೊನೆಯಲ್ಲಿ ಆ ಹುಡುಗರು ಗಿರಣಿಯಲ್ಲಿ ಕಾಳಿನಂತೆ ಬೀಸಲ್ಪಟ್ಟು ಬಾತುಕೋಳಿಗಳಿಗೆ ಆಹಾರವಾಗುತ್ತಾರೆ. ಈ ಕೃತಿಯ ಪ್ರೇರಣೆಯಿಂದ ರುಡಾಲ್ಫ್ ಡರ್ಕ್ಸ್ 1897ರ ಡಿಸೆಂಬರಿನಲ್ಲಿ ನ್ಯೂಯಾರ್ಕ್ ಜರ್ನಲ್ ಪತ್ರಿಕೆಯಲ್ಲಿ 'ದ ಕ್ಯಾಟ್ಸೆನ್‌ಜಾಮರ್ ಕಿಡ್ಸ್' ಚಿತ್ರಪಟ್ಟಿಯನ್ನು ಆರಂಭಿಸಿದನು. ಇವೆರಡರಲ್ಲಿಯೂ ಕಿಡಿಗೇಡಿತನ ಮತ್ತು ಶಿಕ್ಷೆ ಇವೆ. ಶಿಕ್ಷೆಯ ನಂತರ ಪಾತ್ರ ಬದಲಾಗುವುದಿಲ್ಲ. ಹಾಸಿಗೆಯಲ್ಲಿ ಜೀರುಂಡೆಯನ್ನು ಕಂಡ ಹಿರಿಯನಿಗೆ ಹುಡುಗರ ಬಗ್ಗೆ ಸಿಟ್ಟಿನ ಹೊರತಾಗಿ ಬೇರೆ ಭಾವ ಇರುವುದಿಲ್ಲ.

ಇದೇ ಕಾಲದ ಇನ್ನೊಂದು ಪ್ರಸಿದ್ಧ ಪಾತ್ರ ರಿಚರ್ಡ್ ಔಟ್‌ಕಾಲ್ಟನ 'ಯೆಲ್ಲೋ ಕಿಡ್'. 1895ರಿಂದ ನ್ಯೂಯಾರ್ಕ್ ವರ್ಲ್ಡ್ ಪತ್ರಿಕೆಯಲ್ಲಿ ಕಾಣಿಸಿಕೊಂಡ ಈ ಬಾಲಕನ ವಾಸ ಬಡವರ ಗಲ್ಲಿಯಲ್ಲಿ. ಅವನ ಬೋಳು ತಲೆ ಅಂದಿನ ಓದುಗರಿಗೆ ಒಂದು ಸ್ಪಷ್ಟ ಸೂಚನೆಯಾಗಿತ್ತು: ಹೇನು ನಿವಾರಣೆಗಾಗಿ ಬಡಮಕ್ಕಳ ತಲೆ ಬೋಳಿಸುವ ರೂಢಿ ಆ ಗಲ್ಲಿಗಳಲ್ಲಿ ಇತ್ತು. ಇಲ್ಲಿ ನಗೆಯ ಮೂಲ ದೇಹದ ಕೊಳೆಯಲ್ಲ, ಆ ಕೊಳೆ ಯಾವ ಜನರದು ಎಂಬ ತಿಳಿವಳಿಕೆ. 1902ರಲ್ಲಿ ಔಟ್‌ಕಾಲ್ಟನು ಸಿರಿವಂತ ಮನೆಯ ತುಂಟ 'ಬಸ್ಟರ್ ಬ್ರೌನ್'ನನ್ನು ಸೃಷ್ಟಿಸಿದಾಗ ಚಿತ್ರಪಟ್ಟಿ ಗಲ್ಲಿಯಿಂದ ಅಚ್ಚುಕಟ್ಟಾದ ಮನೆಗೆ ಬಂದಿತು.

ವರ್ಗ ಮತ್ತು ಜುಗುಪ್ಸೆಗಳ ಸಂಬಂಧವನ್ನು ಒಂದೇ ಸಂಸಾರದೊಳಕ್ಕೆ ತಂದವನು ಜಾರ್ಜ್ ಮೆಕ್‌ಮೇನಸ್. 1913ರಲ್ಲಿ ಆರಂಭವಾದ 'ಬ್ರಿಂಗಿಂಗ್ ಅಪ್ ಫಾದರ್' ಚಿತ್ರಪಟ್ಟಿಯ ಜಿಗ್ಸ್, ಅದೃಷ್ಟದಿಂದ ಹಠಾತ್ತನೆ ಶ್ರೀಮಂತನಾದ ಐರಿಷ್ ಮೂಲದ ಕೂಲಿಕಾರ. ಅವನಿಗೆ ಈಗಲೂ ಬೇಕಾದುದು ಉಪ್ಪುಗಟ್ಟಿಸಿದ ಗೋಮಾಂಸ ಮತ್ತು ಎಲೆಕೋಸಿನ ಊಟ, ಹಳೆಯ ಗೆಳೆಯರ ಸಹವಾಸ. ಹೆಂಡತಿ ಮ್ಯಾಗಿಗೆ ಆ ಊಟವೆಂದರೆ ಅಸಹ್ಯ. ಅವಳ ಅಸಹ್ಯದ ಮೂಲ ಕೋಸಿನ ವಾಸನೆಯಲ್ಲ. ತಾನು ಬಿಟ್ಟುಬಂದ ಜೀವನವು ಆ ವಾಸನೆಯ ಜೊತೆಗೆ ಬಾಗಿಲಲ್ಲಿ ಬಂದು ನಿಲ್ಲುತ್ತದೆ ಎಂಬ ಅಂಜಿಕೆ. ಹೀಗೆ ಹೇಸಿಗೆ ಮೊದಲ ಬಾರಿಗೆ ಒಂದು ಪಾತ್ರದ ಒಳಮನಸ್ಸಿನ ಸುಳಿವಾಗುತ್ತದೆ. ಕೊಳೆಯೆಂದರೆ ತನ್ನ ಸ್ಥಾನದಲ್ಲಿ ಇರದ ವಸ್ತು ಎಂದು ಮಾನವಶಾಸ್ತ್ರಜ್ಞೆ ಮೇರಿ ಡಗ್ಲಾಸ್ 1966ರ 'ಪ್ಯೂರಿಟಿ ಅಂಡ್ ಡೇಂಜರ್' ಗ್ರಂಥದಲ್ಲಿ ವಿವರಿಸಿದುದಕ್ಕೆ ಮ್ಯಾಗಿಯ ಊಟದ ಕೋಣೆ ಒಳ್ಳೆಯ ಉದಾಹರಣೆ.

ಧೂಳು ಮತ್ತು ನಾಲಿಗೆ: ಪೀನಟ್ಸ್

ಚಾರ್ಲ್ಸ್ ಶುಲ್ಟ್ಸ್‌ನ 'ಪೀನಟ್ಸ್' 1950ರ ಅಕ್ಟೋಬರ್ 2ರಂದು ಆರಂಭವಾಗಿ 2000ದ ಫೆಬ್ರವರಿ 13ರವರೆಗೆ ನಡೆಯಿತು. ಹಿರಿಯರೇ ಕಾಣಿಸಿಕೊಳ್ಳದ ಈ ಚಿತ್ರಪಟ್ಟಿಯಲ್ಲಿ ಅಣ್ಣ, ತಂಗಿ, ಅಕ್ಕ, ತಮ್ಮ, ನೆರೆಯವರು ಮತ್ತು ಒಂದು ನಾಯಿ ಸೇರಿ ಕುಟುಂಬದ ಸ್ವರೂಪವನ್ನು ನಿರ್ಮಿಸುತ್ತಾರೆ. ಇದರ ಸಂಯಮ ಪ್ರಸಿದ್ಧವಾದುದು. ಆದರೂ ಹೇಸಿಗೆಯ ನಗೆಯ ಎರಡು ಎಳೆಗಳು ಇದರಲ್ಲಿ ಸ್ಪಷ್ಟವಾಗಿವೆ.

ಮೊದಲನೆಯದು 1954ರ ಜುಲೈಯಲ್ಲಿ ಪ್ರವೇಶಿಸಿದ ಪಿಗ್-ಪೆನ್ ಎಂಬ ಹುಡುಗನ ಎಳೆ. ಹಂದಿದೊಡ್ಡಿ ಎಂಬ ಅರ್ಥದ ಅಡ್ಡಹೆಸರನ್ನು ಹೊತ್ತ ಇವನು ಎಲ್ಲಿ ಹೋದರೂ ಧೂಳಿನ ಮೋಡ ಜೊತೆಗೇ ಚಲಿಸುತ್ತದೆ. ಮೇಲ್ನೋಟಕ್ಕೆ ಇದು ಒಂದೇ ಹಾಸ್ಯದ ಪುನರಾವರ್ತನೆ. ಆದರೆ ಈ ಹುಡುಗನಲ್ಲಿ ನಾಚಿಕೆಯ ಲವಲೇಶವೂ ಇಲ್ಲ. ಇತರರು ಹೇಸುತ್ತಾರೆ, ಅವನು ಹೇಸುವುದಿಲ್ಲ. ತನ್ನ ಕೊಳೆಯೊಂದಿಗೆ ನೆಮ್ಮದಿಯಾಗಿರುವ ಪಿಗ್-ಪೆನ್ ಮತ್ತು ಯಾವ ಕೊಳೆಯೂ ಇಲ್ಲದೆ ಸದಾ ಅಪಮಾನದಿಂದ ಕುಗ್ಗುವ ಚಾರ್ಲಿ ಬ್ರೌನ್ — ಈ ಜೋಡಣೆಯಿಂದ ಎರಡೂ ಪಾತ್ರಗಳು ಬೆಳಗುತ್ತವೆ. 1965ರ ದೂರದರ್ಶನ ಚಿತ್ರ 'ಎ ಚಾರ್ಲಿ ಬ್ರೌನ್ ಕ್ರಿಸ್‌ಮಸ್'ನಲ್ಲಿ ಆ ಧೂಳನ್ನು ಪ್ರಾಚೀನ ನಾಗರಿಕತೆಗಳ ಮಣ್ಣಾಗಿ ಭಾವಿಸಬೇಕೆಂದು ಸಮರ್ಥಿಸುವವನು ಚಾರ್ಲಿ ಬ್ರೌನನೇ. ತನ್ನ ಪರವಾಗಿ ಒಂದು ಮಾತನ್ನೂ ಆಡಲಾಗದ ಹುಡುಗ ಇನ್ನೊಬ್ಬನ ಕೊಳೆಗೆ ಘನತೆ ತಂದುಕೊಡುತ್ತಾನೆ.

ಎರಡನೆಯದು ಸ್ನೂಪಿಯ ನಾಲಿಗೆ. ನಾಯಿ ಮುಖ ನೆಕ್ಕಿದೊಡನೆ ಲೂಸಿ ರೋಗಾಣು ತಗಲಿತೆಂದು ಚೀರಿ, ಬಿಸಿನೀರು ಮತ್ತು ಔಷಧಕ್ಕಾಗಿ ಮೊರೆಯಿಡುತ್ತ ಓಡುತ್ತಾಳೆ. ಹಲವು ದಶಕಗಳ ಕಾಲ ಆವರ್ತಿಸಿದ ಈ ಪ್ರಸಂಗ ಲೂಸಿಯ ವ್ಯಕ್ತಿತ್ವದ ಕೀಲಿಯಾಗಿದೆ. ಇತರರಿಗೆ ಐದು ಸೆಂಟಿಗೆ ಮನೋವೈದ್ಯಕೀಯ ಸಲಹೆ ಕೊಡುವವಳು, ಎಲ್ಲರನ್ನೂ ಗದರಿಸುವವಳು ಅವಳೇ. ತಾನು ಕೇಳದೆ ಬಂದ ಪ್ರೀತಿಯ ಸ್ಪರ್ಶವೊಂದನ್ನು ಮಾತ್ರ ಅವಳು ತಾಳಲಾರಳು. ಅವಳ ಹೇಸಿಗೆಗೆ ಗುರಿಯಾದುದು ಎಂಜಲಾದರೂ ಅವಳು ಹೆದರುವುದು ತನ್ನ ಹಿಡಿತ ತಪ್ಪುವುದಕ್ಕೆ. ಇದನ್ನು ಚಿತ್ರಪಟ್ಟಿ ಎಲ್ಲಿಯೂ ವಿವರಿಸುವುದಿಲ್ಲ.

ಊಟದ ತಟ್ಟೆಯ ಯುದ್ಧ: ಕ್ಯಾಲ್ವಿನ್ ಅಂಡ್ ಹಾಬ್ಸ್

ಹೇಸಿಗೆಯ ನಗೆ ಮತ್ತು ಪಾತ್ರದ ಆಳಗಳ ಸಂಬಂಧಕ್ಕೆ ಅತ್ಯಂತ ಸಮೃದ್ಧವಾದ ನಿದರ್ಶನ ಬಿಲ್ ವಾಟರ್‌ಸನ್‌ನ 'ಕ್ಯಾಲ್ವಿನ್ ಅಂಡ್ ಹಾಬ್ಸ್'. 1985ರ ನವೆಂಬರ್ 18ರಿಂದ 1995ರ ಡಿಸೆಂಬರ್ 31ರವರೆಗೆ ಪ್ರಕಟವಾದ ಇದರ ನಾಯಕ ಆರು ವರ್ಷದ ಕ್ಯಾಲ್ವಿನ್. ಇತರರ ಕಣ್ಣಿಗೆ ಬಟ್ಟೆಯ ಗೊಂಬೆಯಾಗಿಯೂ ಅವನ ಪಾಲಿಗೆ ಜೀವಂತ ಗೆಳೆಯನಾಗಿಯೂ ಇರುವ ಹುಲಿ ಹಾಬ್ಸ್. ತಂದೆ ತಾಯಿಗಳಿಗೆ ಹತ್ತು ವರ್ಷಗಳಲ್ಲಿ ಒಮ್ಮೆಯೂ ಹೆಸರು ಬರುವುದಿಲ್ಲ. ಮಗುವಿನ ದೃಷ್ಟಿಯಲ್ಲಿ ಅವರು ಅಪ್ಪ ಮತ್ತು ಅಮ್ಮ ಮಾತ್ರ.

ಈ ಚಿತ್ರಪಟ್ಟಿಯಲ್ಲಿ ಹೇಸಿಗೆಯ ನಗೆಯ ಮುಖ್ಯ ರಂಗಭೂಮಿ ಊಟದ ಮೇಜು. ತಾಯಿ ಬಡಿಸಿದ್ದು ಏನೇ ಇರಲಿ, ಅದು ಹಸಿರು ಮುದ್ದೆಯಾಗಿಯೇ ಚಿತ್ರಿತವಾಗುತ್ತದೆ. ಮುದ್ದೆ ಉಬ್ಬುತ್ತದೆ, ಬಾಯಿ ತೆರೆಯುತ್ತದೆ, ಒಮ್ಮೆ ತಟ್ಟೆಯ ನಡುವೆ ಎದ್ದು ಹ್ಯಾಮ್ಲೆಟನ ಸ್ವಗತವನ್ನೂ ಒಪ್ಪಿಸುತ್ತದೆ. ಶಾಲೆಯ ಊಟದ ಕೋಣೆಯಲ್ಲಿ ಇದೇ ಕ್ಯಾಲ್ವಿನ್ ಸಹಪಾಠಿ ಸೂಸಿಯ ಎದುರು ಕುಳಿತು ತನ್ನ ಡಬ್ಬಿಯ ಬುತ್ತಿಯನ್ನು ಅತ್ಯಂತ ಅಸಹ್ಯವಾದ ಪದಾರ್ಥವೆಂಬಂತೆ ವರ್ಣಿಸುತ್ತಾನೆ. ಮನೆಯಲ್ಲಿ ಹೇಸಿಗೆಯ ಬಲಿಪಶು, ಶಾಲೆಯಲ್ಲಿ ಹೇಸಿಗೆಯ ಕರ್ತೃ. ತಾನು ಮೇಜಿನ ಬಳಿ ಅನುಭವಿಸಿದ ಅಸಹಾಯಕತೆಯನ್ನು ಮಾರನೆಯ ದಿನ ಇನ್ನೊಬ್ಬರ ಮೇಲೆ ಪ್ರಯೋಗಿಸುವ ಸಣ್ಣ ಮಗುವಿನ ರಾಜಕಾರಣ ಇದು. ಸೂಸಿಯೊಡನೆ ಸ್ನೇಹ ಬೇಕೆನ್ನುವ ಆಸೆಯೂ ಅದನ್ನು ಒಪ್ಪಿಕೊಳ್ಳಲಾರದ ಹೆಮ್ಮೆಯೂ ಆ ವರ್ಣನೆಗಳಲ್ಲಿ ಅಡಗಿವೆ. ಹಾಸ್ಯವು ಆತ್ಮಸ್ಥ ಮತ್ತು ಪರಸ್ಥವೆಂದು ಎರಡು ಬಗೆ ಎಂಬ ಭರತನ ವಿಂಗಡಣೆಯನ್ನು ಜುಗುಪ್ಸೆಗೂ ವಿಸ್ತರಿಸಬಹುದು ಎಂಬುದಕ್ಕೆ ಕ್ಯಾಲ್ವಿನ್ ಸಾಕ್ಷಿ.

ಹೆತ್ತವರ ಪಾತ್ರಗಳೂ ಈ ಮೇಜಿನ ಸುತ್ತಲೇ ರೂಪುಗೊಳ್ಳುತ್ತವೆ. ಮಗ ಊಟ ಮುಟ್ಟದಿದ್ದಾಗ ಹಿರಿಯರು ಆ ಅಡುಗೆಗೆ ಬೇಕೆಂದೇ ಒಂದು ಭೀಕರ ಹೆಸರು ಕೊಡುತ್ತಾರೆ. ಹುಡುಗ ಆಸೆಯಿಂದ ತಿಂದು ಮುಗಿಸುತ್ತಾನೆ. ಈ ಉಪಾಯದ ಬೆಲೆಯೆಂದರೆ ಪಕ್ಕದಲ್ಲಿ ಕುಳಿತ ಹಿರಿಯರ ಹಸಿವು ಅಡಗಿಹೋಗುವುದು. ಇಲ್ಲಿನ ನಗೆ ಸರಳವಾದುದು. ಆದರೆ ಅದರೊಳಗೆ ಒಂದು ಸಂಸಾರದ ಪೂರ್ಣ ಚಿತ್ರವಿದೆ. ತಾಯಿ ಮಗನ ಮನಸ್ಸಿನ ದಾರಿಯನ್ನು ಅವನಿಗಿಂತ ಚೆನ್ನಾಗಿ ಬಲ್ಲಳು. ಅಡುಗೆ ಮಾಡಿದವಳು ತನ್ನ ಅಡುಗೆಯನ್ನೇ ಹೀನಾಯಗೊಳಿಸಿ ಮಗನ ಹೊಟ್ಟೆ ತುಂಬಿಸುತ್ತಾಳೆ. ದಣಿದು ಮನೆಗೆ ಬಂದ ತಂದೆಯ ಊಟ ಅದಕ್ಕೆ ಬಲಿಯಾಗುತ್ತದೆ. ಯಾರೊಬ್ಬರೂ ಮೇಜು ಬಿಟ್ಟು ಏಳುವುದಿಲ್ಲ.

ಹಿಮಮಾನವರ ಸರಣಿ ಇದೇ ಪ್ರವೃತ್ತಿಯ ಇನ್ನೊಂದು ಮುಖ. ಚಳಿಗಾಲದಲ್ಲಿ ಕ್ಯಾಲ್ವಿನ್ ಅಂಗಳದಲ್ಲಿ ನಿರ್ಮಿಸುವ ಹಿಮದ ಗೊಂಬೆಗಳು ರುಂಡ ಕಳೆದುಕೊಂಡವು, ಹೊಟ್ಟೆ ಸೀಳಿಕೊಂಡವು, ಪರಸ್ಪರ ತಿನ್ನುವಂಥವು. ಪತ್ರಿಕೆಗೆ ನಿಷಿದ್ಧವಾದ ಕ್ಷೋಭಜ ಬೀಭತ್ಸವು ಬಿಳಿಯ ಹಿಮದ ಮೂಲಕ, ರಕ್ತದ ಬಣ್ಣವಿಲ್ಲದೆ, ಪ್ರವೇಶ ಪಡೆಯುತ್ತದೆ. ಕಿಟಕಿಯಿಂದ ನೋಡುವ ತಂದೆ ತಾಯಿಗಳ ಮುಖದಲ್ಲಿ ಹೇಸಿಗೆ, ನೆರೆಯವರ ಭಯ ಮತ್ತು ಮಗನ ಕಲ್ಪನೆಯ ಬಗೆಗಿನ ಬೆರಗು ಒಟ್ಟಿಗೆ ಇವೆ.

ಹೇಸಿಗೆ ಮತ್ತು ಸಾವು ಎದುರಾಗುವ ಕಡೆ ಮಾತ್ರ ವಾಟರ್‌ಸನ್ ನಗೆಯನ್ನು ಹಿಂತೆಗೆದುಕೊಳ್ಳುತ್ತಾನೆ. 1987ರ ಒಂದು ಸರಣಿಯಲ್ಲಿ ಕ್ಯಾಲ್ವಿನ್‌ಗೆ ಗಾಯಗೊಂಡ ರಕೂನ್ ಮರಿಯೊಂದು ಸಿಗುತ್ತದೆ. ಹುಳುಗಳನ್ನು ಹಿಡಿದು ಸೂಸಿಯನ್ನು ಹೆದರಿಸುವ ಹುಡುಗ ಅಂದು ತಾಯಿಯನ್ನು ಕೂಗಿ ಕರೆಯುತ್ತಾನೆ. ತಾಯಿ ಮರಿಯನ್ನು ಮನೆಗೆ ತರುತ್ತಾಳೆ. ಮರಿ ಬದುಕುವುದಿಲ್ಲ. ಸುದ್ದಿಯನ್ನು ತಿಳಿಸುವವನು ತಂದೆ. 1990ರ ದಶಕದ ಒಂದು ಭಾನುವಾರದ ಪುಟದಲ್ಲಿ ಸತ್ತ ಹಕ್ಕಿಯೊಂದನ್ನು ವಾಸ್ತವಿಕ ಶೈಲಿಯಲ್ಲಿ ಚಿತ್ರಿಸಲಾಗಿದೆ. ಅದರ ಮುಂದೆ ನಿಂತ ಬಾಲಕ ಮತ್ತು ಹುಲಿ ಜೀವನದ ನಶ್ವರತೆಯನ್ನು ಕುರಿತು ಮಾತನಾಡುತ್ತಾರೆ. ಮೃತ ಪ್ರಾಣಿ ಜುಗುಪ್ಸೆಯ ಸಹಜ ವಿಭಾವ. ಅದನ್ನು ಕರುಣಕ್ಕೆ ತಿರುಗಿಸಲು ಸಾಧ್ಯವಾದುದು ಅದೇ ಹುಡುಗನನ್ನು ಓದುಗರು ನೂರಾರು ದಿನ ಹೊಲಸಿನೊಡನೆ ಆಡುತ್ತಿರುವುದನ್ನು ಕಂಡಿದ್ದರಿಂದ. ಆಟದ ಹೇಸಿಗೆ ಅವನಿಗೆ ಪರಿಚಿತ. ಈ ಹಕ್ಕಿ ಆಟವಲ್ಲವೆಂದು ಅವನು ತಾನಾಗಿಯೇ ಗುರುತಿಸುತ್ತಾನೆ. ಈ ಗುರುತಿಸುವಿಕೆಯೇ ಪಾತ್ರದ ಬೆಳವಣಿಗೆ.

ಒರೆಸುವ ಕೈ

ಈವರೆಗಿನ ವಿವೇಚನೆ ಹೊಲಸು ಮಾಡುವವರ ಮತ್ತು ಹೇಸುವವರ ಕುರಿತಾದುದು. ಕುಟುಂಬದಲ್ಲಿ ಮೂರನೆಯ ಸ್ಥಾನವೊಂದಿದೆ: ಒರೆಸುವವರದು. ಚಿತ್ರಪಟ್ಟಿಯ ಇತಿಹಾಸದಲ್ಲಿ ಈ ಸ್ಥಾನ ಬಹುಕಾಲ ಅದೃಶ್ಯವಾಗಿತ್ತು. ಕೊನೆಯ ಚೌಕಟ್ಟಿನಲ್ಲಿ ನಗೆ ಮುಗಿದ ನಂತರ ನೆಲದ ಮೇಲೆ ಉಳಿದುದನ್ನು ಯಾರು ತೆಗೆದರೆಂಬುದು ಮರುದಿನದ ಕಂತಿಗೆ ಬೇಕಾಗಿರಲಿಲ್ಲ.

ಈ ಕೊರತೆಯನ್ನು ನೀಗಿಸಿದವರಲ್ಲಿ ಕೆನಡಾದ ಲಿನ್ ಜಾನ್‌ಸ್ಟನ್ ಪ್ರಮುಖರು. 1970ರ ದಶಕದಲ್ಲಿ ತಮ್ಮ ಪ್ರಸೂತಿ ವೈದ್ಯರ ಕೋರಿಕೆಯಂತೆ, ಪರೀಕ್ಷೆಯ ಮೇಜಿನ ಮೇಲೆ ಮಲಗಿದ ಗರ್ಭಿಣಿಯರು ನೋಡಲೆಂದು ಚಾವಣಿಗೆ ಅಂಟಿಸಲು ಅವರು ವ್ಯಂಗ್ಯಚಿತ್ರಗಳನ್ನು ರಚಿಸಿದ್ದರು. ಅವರ ಹಾಸ್ಯ ಹುಟ್ಟಿದ್ದು ದೇಹದ ಮುಜುಗರವನ್ನು ಮಲಗಿ ಅನುಭವಿಸುತ್ತಿದ್ದವರ ದೃಷ್ಟಿಯಿಂದ. 1979ರ ಸೆಪ್ಟೆಂಬರಿನಲ್ಲಿ ಆರಂಭವಾದ ಅವರ 'ಫಾರ್ ಬೆಟರ್ ಆರ್ ಫಾರ್ ವರ್ಸ್' ಚಿತ್ರಪಟ್ಟಿಯಲ್ಲಿ ಎಲ್ಲಿ ಪ್ಯಾಟರ್‌ಸನ್ ಎಂಬ ತಾಯಿ ಬಟ್ಟೆಯ ರಾಶಿ, ಮಕ್ಕಳ ಮೂಗು, ಕೆಸರಿನ ಹೆಜ್ಜೆ ಇವುಗಳ ನಡುವೆ ಸಿಡಿಮಿಡಿಗೊಳ್ಳುತ್ತಾಳೆ, ಅಳುತ್ತಾಳೆ, ನಗುತ್ತಾಳೆ. ಹೇಸಿಗೆ ಇಲ್ಲಿ ಕೆಲಸವಾಗಿ ಪರಿವರ್ತನೆ ಹೊಂದಿದೆ. ಬಹುಪಾಲು ಚಿತ್ರಪಟ್ಟಿಗಳಿಗೆ ಭಿನ್ನವಾಗಿ ಇದರ ಪಾತ್ರಗಳಿಗೆ ವರ್ಷದಿಂದ ವರ್ಷಕ್ಕೆ ವಯಸ್ಸಾಗುವುದರಿಂದ, ತಾಯಿಯಿಂದ ಮೂಗು ಒರೆಸಿಕೊಂಡ ಮಗ ಮುಂದೆ ತಾನೇ ತಂದೆಯಾಗುತ್ತಾನೆ. 1995ರ ಏಪ್ರಿಲ್‌ನಲ್ಲಿ ಮನೆಯ ನಾಯಿ ಫಾರ್ಲಿ, ತುಂಬಿದ ಹೊಳೆಗೆ ಬಿದ್ದ ಪುಟ್ಟ ಏಪ್ರಿಲ್‌ಳನ್ನು ರಕ್ಷಿಸಿ ಪ್ರಾಣ ಬಿಟ್ಟಿತು. ವರ್ಷಗಟ್ಟಲೆ ಮನೆಯ ಗಲೀಜಿನಲ್ಲಿ ಪಾಲುದಾರನಾಗಿದ್ದ ಪ್ರಾಣಿಯ ಸಾವು ಓದುಗರನ್ನು ಕಲಕಿತು. ಮನೆಯ ಕೊಳೆಯಲ್ಲಿ ಪಾಲು ಪಡೆದ ಜೀವ ಮನೆಯವನಾಗಿರುತ್ತದೆ ಎಂಬುದೇ ಇದರ ಮರ್ಮ.

ಇದೇ ಚಿತ್ರಪಟ್ಟಿಯ 1993ರ ಒಂದು ಸರಣಿ ಜುಗುಪ್ಸೆಯ ಪ್ರಶ್ನೆಯನ್ನು ಇನ್ನೊಂದು ಎತ್ತರಕ್ಕೆ ಒಯ್ಯುತ್ತದೆ. ನೆರೆಮನೆಯ ತರುಣ ಲಾರೆನ್ಸ್ ತಾನು ಸಲಿಂಗಿಯೆಂದು ಹೇಳಿಕೊಂಡಾಗ ಅವನ ತಾಯಿ ನಂಬಲು ಒಪ್ಪುವುದಿಲ್ಲ, ಮಲತಂದೆ ಮನೆಯಿಂದ ಹೊರಹಾಕುತ್ತಾನೆ. ಅನಂತರ ಪಶ್ಚಾತ್ತಾಪಗೊಂಡು ಮತ್ತೆ ಒಳಗೆ ಕರೆದುಕೊಳ್ಳುತ್ತಾರೆ. ಹಲವು ಪತ್ರಿಕೆಗಳು ಆ ಕಂತುಗಳನ್ನು ಪ್ರಕಟಿಸಲಿಲ್ಲ. ಮಗುವಿನ ಮಲಿನ ಬಟ್ಟೆಯನ್ನು ಕುಟುಂಬಕ್ಕೆ ಯೋಗ್ಯವಾದ ನಗೆಯೆಂದು ಒಪ್ಪಿದ್ದ ಪುಟಗಳು ಒಬ್ಬ ಮಗನನ್ನು ಒಪ್ಪಲಿಲ್ಲ. ವಸ್ತುಗಳ ಬಗೆಗಿನ ಹೇಸಿಗೆ ಮನುಷ್ಯರ ಮೇಲೆ ಹರಿದಾಗ ಅದು ಬಹಿಷ್ಕಾರವಾಗುತ್ತದೆ. ಜಾನ್‌ಸ್ಟನ್ ಕಥೆಯನ್ನು ಮಲತಂದೆಯ ತಿರಸ್ಕಾರದಲ್ಲಿ ನಿಲ್ಲಿಸದೆ ಅವನ ಮರಳುವಿಕೆಯವರೆಗೆ ಕೊಂಡೊಯ್ದರು. ಹೇಸಿದವನೂ ಬದಲಾಗಬಲ್ಲನು ಎಂಬ ನಂಬಿಕೆ ಈ ಸರಣಿಯ ಬೆನ್ನೆಲುಬು.

1990ರ ಜನವರಿಯಲ್ಲಿ ಆರಂಭವಾದ ಜೆರ್ರಿ ಸ್ಕಾಟ್ ಮತ್ತು ರಿಕ್ ಕರ್ಕ್‌ಮನ್ ಅವರ 'ಬೇಬಿ ಬ್ಲೂಸ್' ಒರೆಸುವ ಕೈಯನ್ನೇ ಕೇಂದ್ರವಾಗಿಸಿಕೊಂಡಿದೆ. ಡ್ಯಾರಿಲ್ ಮತ್ತು ವಾಂಡಾ ದಂಪತಿಗಳಿಗೆ ಮೊದಲ ಮಗು ಜೋಯಿ ಹುಟ್ಟುವುದರೊಂದಿಗೆ ಕಥೆ ಮೊದಲಾಗುತ್ತದೆ. ಅನಂತರ ಹ್ಯಾಮಿ ಮತ್ತು ರೆನ್ ಸೇರುತ್ತಾರೆ. ಒದ್ದೆ ಲಂಗೋಟಿಯನ್ನು ಬದಲಿಸುವ ಸರದಿ ಯಾರದೆಂಬ ಚೌಕಾಶಿ ಇಲ್ಲಿ ದಾಂಪತ್ಯದ ಭಾಷೆಯಾಗಿದೆ. ತಂದೆಯೂ ಈ ಕೆಲಸಕ್ಕೆ ಕೈಹಚ್ಚುತ್ತಾನೆ ಎಂಬುದು ಬದಲಾದ ಕಾಲದ ಗುರುತು. ಅವನಿಗೆ ಅದು ಸಾಹಸವಾಗಿಯೂ ಅವಳಿಗೆ ದಿನಚರಿಯಾಗಿಯೂ ತೋರುವುದು ಕಾಲ ಪೂರ್ತಿಯಾಗಿ ಬದಲಾಗಿಲ್ಲವೆಂಬುದರ ಗುರುತು. ಈ ಎರಡನ್ನೂ ಒಂದೇ ನಗೆಯಲ್ಲಿ ಹಿಡಿದಿರುವುದು ಬೇಬಿ ಬ್ಲೂಸ್‌ನ ವಿಶೇಷ.

ಸ್ಕಾಟ್ ಅವರೇ ಜಿಮ್ ಬೋರ್ಗ್‌ಮನ್ ಜೊತೆಗೂಡಿ 1997ರಲ್ಲಿ ಆರಂಭಿಸಿದ ಚಿತ್ರಪಟ್ಟಿಯ ಹೆಸರೇ 'ಜಿಟ್ಸ್', ಅಂದರೆ ಮೊಡವೆಗಳು. ಹದಿಹರೆಯದ ಜೆರೆಮಿಯ ಕೋಣೆ, ಅವನ ಪಾದರಕ್ಷೆಗಳು, ಅವನ ಹಸಿವು ಇವೆಲ್ಲ ಅತಿಶಯೋಕ್ತಿಯಿಂದ ಚಿತ್ರಿತವಾಗುತ್ತವೆ. ಶಿಶುವಿನ ಹೊಲಸಿಗೆ ಕ್ಷಮೆಯುಂಟು, ಹದಿಹರೆಯದವನ ಹೊಲಸಿಗೆ ಅಷ್ಟು ಸುಲಭವಾಗಿ ಇಲ್ಲ. ನಿನ್ನೆ ಮೊನ್ನೆ ಮಡಿಲಲ್ಲಿದ್ದ ದೇಹ ಬಾಗಿಲು ಹಾಕಿಕೊಂಡ ಕೋಣೆಯಾಗಿದೆ. ಹೊಸ್ತಿಲಲ್ಲಿ ಮೂಗು ಮುಚ್ಚಿ ನಿಂತ ತಾಯಿಯ ಮುಖದಲ್ಲಿ ಅಸಹ್ಯದಷ್ಟೇ ಅಗಲಿಕೆಯೂ ಇದೆ.

ಆಳವಿಲ್ಲದ ಹೇಸಿಗೆ

ಹೇಸಿಗೆಯ ನಗೆ ತಾನಾಗಿಯೇ ಪಾತ್ರಕ್ಕೆ ಆಳ ತರುತ್ತದೆ ಎಂದು ಇದರಿಂದ ತೀರ್ಮಾನಿಸಬಾರದು. 1985ರಲ್ಲಿ ಟಾಪ್ಸ್ ಕಂಪನಿ ಹೊರತಂದ 'ಗಾರ್ಬೇಜ್ ಪೇಲ್ ಕಿಡ್ಸ್' ಎಂಬ ಚಿತ್ರಕಾರ್ಡುಗಳಲ್ಲಿ ಪ್ರತಿಯೊಂದು ಮಗುವಿಗೂ ಒಂದು ಚಮತ್ಕಾರದ ಹೆಸರು ಮತ್ತು ಒಂದು ಅಸಹ್ಯಕರ ವಿಕಾರ ಇದ್ದವು. ಆ ಮಕ್ಕಳಿಗೆ ನಿನ್ನೆಯೆಂಬುದಿರಲಿಲ್ಲ, ನಾಳೆಯೂ ಇರಲಿಲ್ಲ, ಅವರನ್ನು ಕಂಡು ಹೇಸಿಯೂ ಎತ್ತಿಕೊಳ್ಳುವವರು ಚಿತ್ರದಲ್ಲಿ ಯಾರೂ ಇರಲಿಲ್ಲ. ವಿಡಂಬನೆಯಾಗಿ ಅವು ಯಶಸ್ವಿಯಾದವು. ಪಾತ್ರಗಳಾಗಲು ಅವು ಬಯಸಲೂ ಇಲ್ಲ. ಮಿಖಾಯಿಲ್ ಬಖ್ತಿನ್ 1965ರಲ್ಲಿ ಪ್ರಕಟವಾದ ರಾಬ್ಲೇ ಕುರಿತ ಗ್ರಂಥದಲ್ಲಿ ವಿವರಿಸಿದ ವಿಕಟದೇಹವು ಊರಿಗೆ ಊರೇ ಸೇರಿದ ಜಾತ್ರೆಯ ದೇಹ. ಕುಟುಂಬ ಚಿತ್ರಪಟ್ಟಿಯದು ಮನೆಯ ದೇಹ. ಜಾತ್ರೆಯಲ್ಲಿ ಹೊಲಸು ಎಲ್ಲರದೂ ಆಗಿರುವುದರಿಂದ ಯಾರದೂ ಅಲ್ಲ. ಮನೆಯಲ್ಲಿ ಅದು ಯಾವಾಗಲೂ ಒಬ್ಬರದು, ಮತ್ತು ಅದನ್ನು ತೆಗೆಯುವವರು ಇನ್ನೊಬ್ಬರು. ಈ ಇಬ್ಬರ ನಡುವಣ ಸಂಬಂಧ ಮರೆತುಹೋದಾಗ ನಗೆ ಬರಿಯ ವಿಕಾರವಾಗಿ ಉಳಿಯುತ್ತದೆ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ನಿರ್ಣಯಗಳಿಗೆ ಬರಬಹುದು. ಆರಂಭಿಕ ಚಿತ್ರಪಟ್ಟಿಗಳಲ್ಲಿ ಹೇಸಿಗೆಯು ತುಂಟತನದ ಸಾಧನವೂ ವರ್ಗದ ಗುರುತೂ ಆಗಿತ್ತು. ಪೀನಟ್ಸ್‌ನಲ್ಲಿ ಅದು ವ್ಯಕ್ತಿಯ ಅಂಜಿಕೆ ಮತ್ತು ನೆಮ್ಮದಿಗಳ ಮಾಪಕವಾಯಿತು. ಕ್ಯಾಲ್ವಿನ್ ಅಂಡ್ ಹಾಬ್ಸ್‌ನಲ್ಲಿ ಮಗು ಮತ್ತು ಹಿರಿಯರ ನಡುವಣ ಸಂವಾದದ ರೂಪವಾಗಿ, ಅಗತ್ಯ ಬಿದ್ದಾಗ ಕರುಣಕ್ಕೆ ಎಡೆಮಾಡಿಕೊಟ್ಟಿತು. ಜಾನ್‌ಸ್ಟನ್ ಮತ್ತು ಸ್ಕಾಟ್ ಅವರ ಚಿತ್ರಪಟ್ಟಿಗಳಲ್ಲಿ ಆರೈಕೆಯ ಶ್ರಮವನ್ನು ಗೋಚರಗೊಳಿಸಿತು. ಈ ನಡಿ‌ಗೆಯಲ್ಲಿ ಜುಗುಪ್ಸೆಯು ಸ್ಥಾಯಿಯ ಸ್ಥಾನದಿಂದ ಸರಿದು ವಾತ್ಸಲ್ಯದ ಸಂಚಾರಿಯಾಗುವುದನ್ನು ಕಾಣಬಹುದು.

ಇದು ಅಧ್ಯಯನದ ವಿಧಾನಕ್ಕೆ ಸಂಬಂಧಿಸಿದ ಒಂದು ಸೂಚನೆಯನ್ನೂ ನೀಡುತ್ತದೆ. ಆಯ್ದ ಹಾಸ್ಯಕಂತುಗಳ ಸಂಕಲನವನ್ನಷ್ಟೇ ಓದಿದವರಿಗೆ ಹೇಸಿಗೆ ಕಾಣಿಸುತ್ತದೆ, ಆಳ ಕಾಣಿಸುವುದಿಲ್ಲ. ಏಕೆಂದರೆ ಆಳವು ಒಂದು ಕಂತಿನಲ್ಲಿಲ್ಲ, ಕಂತುಗಳ ಅನುಕ್ರಮದಲ್ಲಿದೆ. 2004ರಿಂದ 2016ರವರೆಗೆ 26 ಸಂಪುಟಗಳಲ್ಲಿ ಹೊರಬಂದ ಪೀನಟ್ಸ್‌ನ ಸಮಗ್ರ ಆವೃತ್ತಿ ಮತ್ತು 2005ರಲ್ಲಿ ಮೂರು ಸಂಪುಟಗಳಲ್ಲಿ ಬಂದ ಕ್ಯಾಲ್ವಿನ್ ಅಂಡ್ ಹಾಬ್ಸ್‌ನ ಸಮಗ್ರ ಆವೃತ್ತಿಗಳು ಈ ಬಗೆಯ ಓದಿಗೆ ಅವಕಾಶ ಕಲ್ಪಿಸಿವೆ. ಇಂಥ ಆವೃತ್ತಿಗಳನ್ನು ಮಕ್ಕಳ ವಿಭಾಗದ ಮನರಂಜನೆಯ ಸಾಮಗ್ರಿಯಾಗಿ ಮಾತ್ರವಲ್ಲದೆ, ಇಪ್ಪತ್ತನೆಯ ಶತಮಾನದ ಕುಟುಂಬ ಜೀವನದ ದಿನವಹಿ ದಾಖಲೆಗಳಾಗಿಯೂ ಗ್ರಂಥಾಲಯಗಳು ಸಂಗ್ರಹಿಸುವುದು ಅಪೇಕ್ಷಣೀಯ.

ಮನೆಯೊಳಗಿನ ಮಲಿನ ಕೆಲಸಗಳು ಯಾವ ಇತಿಹಾಸಗ್ರಂಥದಲ್ಲಿಯೂ ಸುಲಭವಾಗಿ ದಾಖಲಾಗುವುದಿಲ್ಲ. ಅವು ಮಾಡಿದೊಡನೆ ಅಳಿಸಿಹೋಗುವಂಥವು. ಚೆನ್ನಾಗಿ ಮಾಡಿದಷ್ಟೂ ಗುರುತು ಉಳಿಯದಂಥವು. ಆ ಕೆಲಸಗಳನ್ನೂ ಮಾಡಿದವರ ಮುಖಗಳನ್ನೂ ದಿನಕ್ಕೊಂದರಂತೆ ದಾಖಲಿಸಿದ ಪ್ರಕಾರಗಳು ಹೆಚ್ಚು ಇಲ್ಲ. ಅವುಗಳಲ್ಲಿ ಕುಟುಂಬ ಚಿತ್ರಪಟ್ಟಿಯೂ ಒಂದು. ಅದರ ಹೇಸಿಗೆಯನ್ನು ಕೀಳೆಂದು ಬದಿಗಿಡುವ ಓದು, ಆ ಹೇಸಿಗೆಯನ್ನು ದಿನವೂ ಬಳಿದು ಮನೆಯನ್ನು ನಡೆಸಿದವರನ್ನೂ ಬದಿಗಿಡುತ್ತದೆ.